ಸಮಾಜಶಾಸ್ತ್ರದ ಪಾಠವೂ ಅನೇಕಾಂತ ದೃಷ್ಟಿಯೂ

ಪದವಿಪೂರ್ವ ತರಗತಿಯ ಸಮಾಜಶಾಸ್ತ್ರವು ಅಂಕ ಕಡಿಮೆ ಬಂದವರ ಪಾಲಿನ ವಿಷಯವೆಂಬ ಭಾವನೆ ವರ್ತಕ ಕುಟುಂಬಗಳಲ್ಲಿ ಬೇರೂರಿದೆ. ಮಕ್ಕಳು ವಾಣಿಜ್ಯಕ್ಕೋ ವಿಜ್ಞಾನಕ್ಕೋ ಸೇರಬೇಕೆಂಬುದೇ ಹಿರಿಯರ ಹಂಬಲ. ಆ ವಿಷಯವನ್ನು ಆರಿಸಿಕೊಂಡವರೂ ‘ಸಂಸ್ಕೃತೀಕರಣ’, ‘ಪ್ರಬಲ ಜಾತಿ’ ಮೊದಲಾದವುಗಳ ವ್ಯಾಖ್ಯೆಯನ್ನು ಕಂಠಪಾಠ ಮಾಡಿ ಒಪ್ಪಿಸಿದರೆ, ಓದಿನ ಪ್ರಯೋಜನವಾದರೂ ಏನು?

ಈ ಎರಡು ಪರಿಕಲ್ಪನೆಗಳನ್ನೂ ನೀಡಿದವರು ಮೈಸೂರಿನಲ್ಲಿ ಜನಿಸಿದ ಎಂ. ಎನ್. ಶ್ರೀನಿವಾಸ್ (1916–1999). ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಅದಕ್ಕೆ ‘ರಾಂಪುರ’ವೆಂದು ಹೆಸರಿಟ್ಟು ಅಧ್ಯಯನ ನಡೆಸಿದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದವು. ನೆನಪನ್ನೇ ಆಧರಿಸಿ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಹಳ್ಳಿಯ ಚಿತ್ರ ಅದರಲ್ಲಿ ಸಜೀವವಾಗಿದೆ. ಆದರೆ ಅದು ಬಹುಮಟ್ಟಿಗೆ ಮೇಲುಜಾತಿಯವರ ಕಡೆಯಿಂದ ಕಂಡ ಚಿತ್ರ. ಈ ಕೊರತೆಯನ್ನು ಲೇಖಕರೇ ಒಪ್ಪಿಕೊಂಡಿದ್ದಾರೆ. ಒಂದು ನಯವನ್ನೇ ಪೂರ್ಣಸತ್ಯವೆಂದು ಸಾರದ ಈ ವಿವೇಕವೇ ಗ್ರಂಥದ ಹಿರಿಮೆ. ಪಾಠದಲ್ಲಿ ವ್ಯಾಖ್ಯೆ ಮಾತ್ರ ಉಳಿದು ಈ ವಿವೇಕ ಬಿಟ್ಟುಹೋದರೆ, ಶಾಸ್ತ್ರದ ತಿರುಳೇ ಬಿಟ್ಟುಹೋದಂತೆ.

ವಿದ್ಯಾರ್ಥಿಗಳು ತಿರುಳನ್ನು ಅರಸಿ ದೂರ ಹೋಗಬೇಕಾಗಿಲ್ಲ. ಹೆಗ್ಗಡದೇವನಕೋಟೆಯ ಕಬಿನಿ ಜಲಾಶಯವು ನೀರು ಪಡೆದ ರೈತನಿಗೆ ಒಂದು ಸತ್ಯ. ಮುಳುಗಿದ ನೆಲದವರಿಗೆ ಇನ್ನೊಂದು. ನಾಗರಹೊಳೆಯ ಕಾಡಿನಿಂದ ಹೊರಬಂದ ಜೇನುಕುರುಬರ ಮಾತೇ ಬೇರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1961ರಿಂದ ಟಿಬೆಟಿನ ನಿರಾಶ್ರಿತರು ನೆಲೆಸಿದ್ದಾರೆ. ಕೃಷ್ಣರಾಜನಗರದ ಗದ್ದೆ ಬಯಲಿನಲ್ಲಿ ಒಡೆಯನ ಲೆಕ್ಕ ಬೇರೆ, ನಾಟಿಯ ಕೂಲಿಯವಳ ಲೆಕ್ಕ ಬೇರೆ. ಹುಣಸೂರಿನ ಹೊಗೆಸೊಪ್ಪು ಬೆಳೆಗಾರನಿಗೆ ವರ್ಷದ ಅನ್ನ. ಅದನ್ನು ಹದಗೊಳಿಸುವ ಬ್ಯಾರನ್‌ಗೆ ಉರುವಲಾಗುವ ಮರಕ್ಕೂ, ಸೇದುವವನ ದೇಹಕ್ಕೂ ಹಾನಿ. ಅಂಗಡಿಯ ಖಾತೆಯಲ್ಲಿ ಇವೆಲ್ಲವೂ ಜಮೆಯಾಗುವುದಿಲ್ಲ.

2023–24ರಿಂದ ಪದವಿಪೂರ್ವ ಪರೀಕ್ಷೆಯಲ್ಲಿ ಇಂಥ ವಿಷಯಗಳಿಗೆ 20 ಆಂತರಿಕ ಅಂಕಗಳಿವೆ. ಅವನ್ನು ನಕಲು ಮಾಡಿದ ಯೋಜನಾ ವರದಿಯಿಂದಲೂ ಗಳಿಸಬಹುದು, ಊರಿನ ನಾಲ್ಕು ಮನೆಗಳ ಮಾತನ್ನು ಕೇಳಿಯೂ ಗಳಿಸಬಹುದು. ಅನೇಕಾಂತವನ್ನು ಬಸದಿಯಲ್ಲಿ ಕೊಂಡಾಡಿ, ಅದನ್ನು ಅಭ್ಯಾಸ ಮಾಡಿಸಬಲ್ಲ ವಿಷಯವನ್ನು ಮನೆಯಲ್ಲಿ ಕಡೆಗಣಿಸುವುದು ಉಚಿತವಲ್ಲ. ಗೊಮ್ಮಟಗಿರಿಯ ಬೆಟ್ಟವನ್ನೇರಿ ಬಾಹುಬಲಿಗೆ ನಮಿಸುವ ಮಕ್ಕಳು, ಇಳಿದ ಮೇಲೆ ಕೆಳಗಿನ ಹಳ್ಳಿಯವರ ಬದುಕನ್ನೂ ವಿಚಾರಿಸಿ ಬರಲಿ. ವಿದ್ಯಾರ್ಥಿವೇತನ ನೀಡುವ ಟ್ರಸ್ಟುಗಳು ಅಂಥ ಮಕ್ಕಳನ್ನೂ ನೆನೆಯಲಿ.