ನೇರ ಕೊಡುವ ಹಳಿ, ಕೊಡದ ಮೂಲೆ

ಬಡಗಿ ಆಚಾರ್ರು ಹಲಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಅಂಚನ್ನು ಕಣ್ಣಿನ ಮಟ್ಟಕ್ಕೆ ತಂದು, ಎಡಗಣ್ಣು ಮುಚ್ಚಿ ಉದ್ದಕ್ಕೂ ನೋಡಿದರು. ನಾನು ಹೊಸದಾಗಿ ತಂದ ಟ್ರ್ಯಾಕ್ ಸಾದಲ್ಲಿ, ಅಂದರೆ ಹಳಿಯ ಮೇಲೆ ಓಡುವ ಗರಗಸದಲ್ಲಿ, ಕೊಯ್ದ ಮೊದಲ ಪ್ಲೈವುಡ್ ತುಂಡು ಅದು. ಅಂಚಿನಲ್ಲಿ ಒಂದು ಚಕ್ಕೆಯೂ ಎದ್ದಿರಲಿಲ್ಲ. "ನೇರ ಇದೆ ಮಾರಾಯ್ರೆ, ಕೂದಲಷ್ಟೂ ಬಗ್ಗಿಲ್ಲ" ಎಂದರು. ನಾನು ಬೀಗುವಷ್ಟರಲ್ಲಿ ಚೀಲದಿಂದ ಮೂಲೆಮಟ್ಟ ತೆಗೆದು ಹಲಗೆಯ ಮೂಲೆಗೆ ಒತ್ತಿ ಹಿಡಿದರು. ಮೂಲೆಮಟ್ಟಕ್ಕೂ ಹಲಗೆಗೂ ನಡುವೆ ಬೆಳಕು ಇಣುಕಿತು. "ಇದನ್ನ ನೋಡಿದ್ರಾ?"

ಟ್ರ್ಯಾಕ್ ಸಾ ಕೊಳ್ಳಬೇಕೆನ್ನುವವರು ಸಾಮಾನ್ಯವಾಗಿ ಕೇಳುವುದು ಮೋಟಾರು ಎಷ್ಟು ವಾಟಿನದು, ಬ್ಲೇಡು ಎಷ್ಟು ಅಂಗುಲದ್ದು, ಬ್ಯಾಟರಿಯೋ ವೈರೋ ಎಂದು. ಎರಡು ವರ್ಷ ಬಳಸಿದ ಮೇಲೆ ನನಗೆ ಅನ್ನಿಸಿರುವುದು, ಇವೆಲ್ಲ ಎರಡನೆಯ ಸುತ್ತಿನ ಪ್ರಶ್ನೆಗಳು. ನಾವು ದುಡ್ಡು ಕೊಡುವುದು ಗರಗಸಕ್ಕಲ್ಲ, ಅದರ ಕೆಳಗಿನ ಅಲ್ಯೂಮಿನಿಯಂ ಹಳಿಗೆ. ಹಾಗಾಗಿ ತೂಗಿ ನೋಡಬೇಕಾದದ್ದು ಹಳಿಯನ್ನೇ: ಅದು ಏನು ಕೊಡುತ್ತದೆ, ಏನು ಕೊಡುವುದಿಲ್ಲ.

ಇದರ ಹಿಂದಿನ ಯೋಚನೆ ಸರಳ. ಎಂಟಡಿ ಉದ್ದ, ನಾಲ್ಕಡಿ ಅಗಲದ 18 ಮಿ.ಮೀ. ಪ್ಲೈವುಡ್ ಶೀಟು 30 ಕಿಲೋಗೂ ಹೆಚ್ಚು ತೂಗುತ್ತದೆ. ಅದನ್ನು ಟೇಬಲ್ ಸಾದ ಮೇಲೆ ಒಬ್ಬನೇ ದೂಡುತ್ತ ನೇರ ಹಿಡಿಯುವುದು ಸರ್ಕಸ್ಸು. ಮರವನ್ನು ಗರಗಸದ ಬಳಿಗೆ ಒಯ್ಯುವ ಬದಲು ಗರಗಸವನ್ನೇ ಮರದ ಮೇಲೆ ಓಡಿಸಿದರೆ? ಜರ್ಮನಿಯ ಫೆಸ್ಟೋ ಕಂಪನಿ 1962ರಲ್ಲಿ ಗರಗಸಕ್ಕೆ ಹಳಿ ಜೋಡಿಸಿ ಮಾರುಕಟ್ಟೆಗೆ ತಂದದ್ದು ಈ ಯೋಚನೆಯನ್ನೇ. 1925ರಲ್ಲಿ ಫೆಟ್ಸರ್ ಮತ್ತು ಷ್ಟೋಲ್ ಎಂಬಿಬ್ಬರು ಕಟ್ಟಿದ ಆ ಕಂಪನಿಯ ಸಲಕರಣೆಗಳೇ ಇಂದು ಫೆಸ್ಟೂಲ್ ಎಂಬ ಹೆಸರಿನಲ್ಲಿ ಸಿಗುತ್ತವೆ. ನಮ್ಮ ಬಡಗಿಗಳು ಕೆಮ್ಮಣ್ಣಿನಲ್ಲಿ ಅದ್ದಿದ ದಾರವನ್ನು ಬಿಗಿದು ಚಟ್ಟನೆ ಬಿಟ್ಟು ಮರದ ಮೇಲೆ ಗೆರೆ ಮೂಡಿಸುತ್ತಿದ್ದರು. ಆ ಗೆರೆಯ ಮೇಲೆ ಗರಗಸ ನಡೆಸುವುದು ಕೈಯ ಕಸುಬು. ಹಳಿ ಬಂದ ಮೇಲೆ ಗೆರೆಯೇ ಗಟ್ಟಿಯಾಗಿ ಎದ್ದು ನಿಂತಂತಾಯಿತು. ಗರಗಸದ ತಳದ ಗಾಡಿ ಹಳಿಯ ದಿಬ್ಬಕ್ಕೆ ಕಚ್ಚಿ ಕೂರುತ್ತದೆ, ಆಚೀಚೆ ಅಲ್ಲಾಡುವುದಿಲ್ಲ.

ಹಳಿಯ ಜಾಣತನವೆಲ್ಲ ಅದರ ಅಂಚಿಗೆ ಅಂಟಿಸಿದ ರಬ್ಬರಿನಂಥ ತೆಳು ಪಟ್ಟಿಯಲ್ಲಿದೆ. ಹೊಸ ಹಳಿಯಲ್ಲಿ ಆ ಪಟ್ಟಿ ಬೇಕಾದ್ದಕ್ಕಿಂತ ತುಸು ಅಗಲವಾಗಿರುತ್ತದೆ. ಮೊದಲ ಸಲ ಗರಗಸ ಓಡಿಸುವಾಗ ಬ್ಲೇಡು ಆ ಪಟ್ಟಿಯನ್ನೇ ಕತ್ತರಿಸಿಕೊಂಡು ಹೋಗುತ್ತದೆ. ಅಲ್ಲಿಂದ ಮುಂದೆ ಪಟ್ಟಿಯ ಅಂಚು ಎಲ್ಲಿದೆಯೋ ಕೊಯ್ತ ಅಲ್ಲೇ. ಬ್ಲೇಡಿನ ದಪ್ಪ ಕಳೆಯುವ, ಗಾಡಿಯ ಅಗಲ ಕೂಡುವ ಲೆಕ್ಕ ಬೇಡ. ಪೆನ್ಸಿಲ್ ಗುರುತಿಗೆ ಪಟ್ಟಿ ಕೂರಿಸಿದರೆ ಸಾಕು. ಬ್ಲೇಡಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಬರುವಾಗ ಮೇಲ್ಪದರ ಕಿತ್ತು ಬರದಂತೆ ಅದುಮಿ ಹಿಡಿಯುವುದೂ ಅದೇ ಪಟ್ಟಿ. ಮೈಕಾ ಅಂಟಿಸಿದ ಹಲಗೆ ಕೊಯ್ದವರಿಗೆ ಇದರ ಬೆಲೆ ಗೊತ್ತು.

ಆದರೆ ಒಂದು ಮಾತನ್ನು ಅಂಗಡಿಯವರು ಹೇಳುವುದಿಲ್ಲ: ಆ ಪಟ್ಟಿ ಒಂದು ಗರಗಸಕ್ಕೆ, ಒಂದು ಬ್ಲೇಡಿಗೆ ಒಪ್ಪಿಕೊಂಡದ್ದು. ಗೆಳೆಯನ ಗರಗಸ ನಿಮ್ಮ ಹಳಿಯ ಮೇಲೆ ಸಲೀಸಾಗಿ ಓಡಬಹುದು. ಆದರೆ ಅದರ ಬ್ಲೇಡು ಅರ್ಧ ಮಿಲಿಮೀಟರು ಒಳಗಿದ್ದರೆ ಪಟ್ಟಿಯನ್ನು ಇನ್ನಷ್ಟು ಕತ್ತರಿಸಿ ಹೋಗುತ್ತದೆ, ಆಮೇಲೆ ನಿಮ್ಮ ಗರಗಸಕ್ಕೆ ಪಟ್ಟಿ ಸುಳ್ಳು ಹೇಳತೊಡಗುತ್ತದೆ.

ಇನ್ನು ಯಾರ ಹಳಿ? ಇಲ್ಲಿ ಮೀಟರ್‌ಗೇಜು, ಬ್ರಾಡ್‌ಗೇಜಿನ ಜಗಳವೇ ಇದೆ. ಫೆಸ್ಟೂಲ್, ಮಫೆಲ್, ಬಾಷ್ ಮೂರೂ ಜರ್ಮನಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದವೇ. ಆದರೂ ಮಫೆಲ್ ಮತ್ತು ಬಾಷ್ ಒಂದು ಮಾದರಿಯ ಹಳಿ ಹಂಚಿಕೊಂಡರೆ ಫೆಸ್ಟೂಲಿನದು ಬೇರೆ. ಜಪಾನಿನ ಮಕಿಟಾ ಜಾಣತನ ತೋರಿ ಫೆಸ್ಟೂಲ್ ಮಾದರಿಗೆ ಹೊಂದುವ ಹಳಿ ಮಾಡಿತು. ಕಡಿಮೆ ಬೆಲೆಯ ಹಲವು ಕಂಪನಿಗಳು ಅದೇ ದಾರಿ ಹಿಡಿದವು. ಅಮೆರಿಕದ ಡಿವಾಲ್ಟಿನದು ಮೂರನೆಯ ಜಾತಿ.

ಮೂರಕ್ಕೂ ಅದರದರ ಗುಣವಿದೆ. ಡಿವಾಲ್ಟಿನ ಹಳಿಯಲ್ಲಿ ದಿಬ್ಬ ನಡುವೆ ಇದೆ, ಪಟ್ಟಿ ಎರಡೂ ಬದಿಗಿದೆ. ಹಾಗಾಗಿ ಹಳಿ ಎತ್ತಿ ತಿರುಗಿಸದೆ ಯಾವ ಕಡೆಯಿಂದಲಾದರೂ ಕೊಯ್ಯಬಹುದು. ಗೋಡೆಗೆ ತಾಗಿದ ಇಕ್ಕಟ್ಟಿನ ಕೋಣೆಯಲ್ಲಿ ಇದು ದೊಡ್ಡ ಅನುಕೂಲ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ಬೇರೆ ಯಾರ ಗರಗಸವೂ ಆ ಹಳಿಗೆ ಹೊಂದದು. ಮಕಿಟಾದ ಹಳಿಯಲ್ಲಿ ಒಂದು ಚಿಕ್ಕ ತುಟಿಯಿದೆ. 45 ಡಿಗ್ರಿ ವಾಲಿಸಿ ಕೊಯ್ಯುವಾಗ ಗರಗಸದ ಭಾರವೆಲ್ಲ ಒಂದೇ ಕಡೆಗೆ ಬಿದ್ದು ಹಳಿಯಿಂದ ಮಗುಚುವ ಭಯವಿರುತ್ತದೆ. ಗರಗಸದ ಕೊಕ್ಕೆ ಆ ತುಟಿಗೆ ಸಿಕ್ಕಿಕೊಂಡು ಅದನ್ನು ತಡೆಯುತ್ತದೆ. ಅದೇ ಗರಗಸವನ್ನು ಫೆಸ್ಟೂಲ್ ಹಳಿಯ ಮೇಲಿಟ್ಟರೆ ಓಡುತ್ತದೆ, ಆದರೆ ಕೊಕ್ಕೆಗೆ ಹಿಡಿಯಲು ಏನೂ ಇಲ್ಲ. ಹೊಂದುತ್ತದೆ ಎಂಬ ಮಾತಿನಲ್ಲಿ ಎಷ್ಟು ಹೊಂದುತ್ತದೆ ಎಂದು ಕೇಳಲೇಬೇಕು.

ಮಫೆಲ್-ಬಾಷ್ ಮಾದರಿ ಗೆಲ್ಲುವುದು ಜೋಡಣೆಯಲ್ಲಿ. ಶೀಟಿನ ಅಡ್ಡ ಅಳತೆ 1220 ಮಿ.ಮೀ.; ಅದಕ್ಕೆ 1400ರ ಹಳಿ ಸಾಕು. ಉದ್ದಕ್ಕೆ ಕೊಯ್ಯಬೇಕೆಂದರೆ 2440 ಮಿ.ಮೀ. ದಾಟಬೇಕು. ಮೂರು ಮೀಟರಿನ ಒಂದೇ ಹಳಿ ಸಿಗುತ್ತದೆ, ಆದರೆ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಅದು ಹಿಡಿಯುವುದಿಲ್ಲ, ಆಟೋದಲ್ಲಿ ಒಯ್ಯಲಂತೂ ಸಾಧ್ಯವೇ ಇಲ್ಲ. ಹಾಗಾಗಿ ಹೆಚ್ಚಿನವರು 1400ರ ಎರಡು ಹಳಿ ಕೊಂಡು ಜೋಡಿಸುತ್ತಾರೆ. ಮಫೆಲ್-ಬಾಷ್ ಹಳಿಗಳನ್ನು ಜೋಡಿಸುವ ಸರಳು ತಾನೇ ಎರಡನ್ನೂ ಒಂದೇ ಸಾಲಿಗೆ ಎಳೆಯುತ್ತದೆ. ಫೆಸ್ಟೂಲ್ ಮಾದರಿಯ ಹಳೆಯ ಜೋಡಣೆಯಲ್ಲಿ ಸಾಲು ಹಿಡಿಸುವುದು ನಮ್ಮ ಕೆಲಸ. ಸ್ಕ್ರೂವನ್ನು ಒಂದು ಸುತ್ತು ಹೆಚ್ಚು ಬಿಗಿದರೂ ನಡುವೆ ಕಣ್ಣಿಗೆ ಕಾಣದ ಮಡಿಕೆ ಬೀಳುತ್ತದೆ. ನಾನು ಹೀಗೆ ಒಂದು ವಾರ್ಡ್‌ರೋಬಿನ ಎರಡು ಬಾಗಿಲು ಕೆಡಿಸಿಕೊಂಡಿದ್ದೇನೆ.

ಹಳಿ ನೇರವಿದೆಯೇ ಎಂದು ತಿಳಿಯಲು ದುಬಾರಿ ಅಳತೆಗೋಲು ಬೇಡ. ಹಲಗೆಯ ಮೇಲೆ ಹಳಿಯಿಟ್ಟು ಅಂಚಿನಗುಂಟ ಚೂಪು ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಹಳಿಯ ತಲೆಯನ್ನು ಬಾಲದ ಕಡೆಗೆ ತಿರುಗಿಸಿ, ಅದೇ ಎರಡು ತುದಿಗಳಿಗೆ ಅಂಚನ್ನು ಕೂರಿಸಿ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದಾದರೆ ಹಳಿ ನೇರ. ನಡುವೆ ಮೀನಿನ ಹೊಟ್ಟೆಯಂತೆ ಉಬ್ಬಿದರೆ ಹಳಿ ಬಾಗಿದೆ, ಉಬ್ಬಿನ ಅರ್ಧದಷ್ಟು. ಅಂಗಡಿಯಲ್ಲೇ ಹೀಗೆ ಪರೀಕ್ಷಿಸಿ ಕೊಳ್ಳುವುದಕ್ಕೆ ಯಾವ ಸಂಕೋಚವೂ ಬೇಡ.

ಗರಗಸದ ವಿಷಯಕ್ಕೆ ಬಂದರೆ ವ್ಯತ್ಯಾಸಗಳು ಅಷ್ಟು ದೊಡ್ಡವಲ್ಲ. 160ರಿಂದ 165 ಮಿ.ಮೀ. ಬ್ಲೇಡು, ಸುಮಾರು 55 ಮಿ.ಮೀ. ಆಳ, ಈ ವರ್ಗದ ಹೆಚ್ಚಿನವುಗಳ ಅಳತೆ ಇಷ್ಟೇ. ಗುಂಡಿ ಒತ್ತಿ ಅದುಮಿದಾಗ ಬ್ಲೇಡು ಕೆಳಗಿಳಿಯುತ್ತದೆ, ಬಿಟ್ಟರೆ ಒಳಗೆ ಸೇರುತ್ತದೆ. ನಾನು ಹುಡುಕುವುದು ಒಂದನ್ನು: ಬ್ಲೇಡಿನ ಹಿಂದೆ ಕೊಯ್ತದ ಸೀಳಿನೊಳಗೆ ನಿಲ್ಲುವ ತೆಳು ಉಕ್ಕಿನ ತಗಡು. ಹಲಗೆ ಹಿಂದಿನಿಂದ ಮುಚ್ಚಿಕೊಂಡು ಬ್ಲೇಡನ್ನು ಹಿಂಡಿದರೆ ಗರಗಸ ಕತ್ತೆಯಂತೆ ಒದೆಯುತ್ತದೆ. ಆ ತಗಡು ಸೀಳನ್ನು ಮುಚ್ಚಗೊಡುವುದಿಲ್ಲ. ಫೆಸ್ಟೂಲಿನ ಟಿಎಸ್ 55 ಆರ್, ಡಿವಾಲ್ಟಿನ ಡಿಡಬ್ಲ್ಯುಎಸ್ 520 ಗರಗಸಗಳಲ್ಲಿ ಅದಿದೆ. ಬೆಲೆಗೆ ಹೋಲಿಸಿದರೆ ಎಲ್ಲರಿಗಿಂತ ಹೆಚ್ಚು ಕೊಡುವ ಮಕಿಟಾದ ಎಸ್‌ಪಿ 6000ದಲ್ಲಿ ಇಲ್ಲ. ಆ ಗರಗಸದ ದೊಡ್ಡ ಕೊರತೆ ನನ್ನ ಮಟ್ಟಿಗೆ ಇದೇ.

ನಮ್ಮ ಇಂಟೀರಿಯರ್ ಕೆಲಸದ ಜಾಗಗಳಲ್ಲಿ ಸುರಕ್ಷತೆಯ ಈ ಮಾತನ್ನು ಇನ್ನೂ ಗಟ್ಟಿಯಾಗಿ ಹೇಳಬೇಕು. ಅಲ್ಲಿ ಪ್ಲೈವುಡ್ ಕೊಯ್ಯುವುದು ಬಹುಪಾಲು ಮಾರ್ಬಲ್ ಕಟರಿಗೆ ಮರದ ಬ್ಲೇಡು ಸಿಕ್ಕಿಸಿ. ಕಲ್ಲು ಕೊಯ್ಯಲು ಮಾಡಿದ ಆ ಯಂತ್ರ ನಿಮಿಷಕ್ಕೆ 12 ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ; ಎಸ್‌ಪಿ 6000ದ ವೇಗ ಹೆಚ್ಚೆಂದರೆ 5,200. ಕಟರಿನ ಬ್ಲೇಡಿಗೆ ಕೆಳಗಿನಿಂದ ಮುಚ್ಚುವ ಕವಚವಿಲ್ಲ, ಹಿಂದೆ ತಗಡಿಲ್ಲ, ಹೊಟ್ಟು ನೇರ ಮುಖಕ್ಕೆ. ಬೆರಳು ಕಳೆದುಕೊಂಡ ಕೆಲಸಗಾರರನ್ನು ಕಂಡವರಿಗೆ ಟ್ರ್ಯಾಕ್ ಸಾ ಶೋಕಿಯೆನ್ನಿಸುವುದಿಲ್ಲ.

ಹಾಗೆಂದು ಎಲ್ಲರೂ ಹಲವು ಪಟ್ಟು ಹಣ ಸುರಿಯಬೇಕಾಗಿಲ್ಲ. ಸಾಮಾನ್ಯ ಸರ್ಕ್ಯುಲರ್ ಸಾ ಇದ್ದವರು 6 ಮಿ.ಮೀ. ಪ್ಲೈವುಡ್ಡಿನ ಅಗಲ ಪಟ್ಟಿಯ ಮೇಲೆ ನೇರವಾದ ಇನ್ನೊಂದು ಕಿರುಪಟ್ಟಿ ಅಂಟಿಸಿ, ಗರಗಸವನ್ನು ಅದಕ್ಕೆ ಒತ್ತಿ ಒಮ್ಮೆ ಓಡಿಸಿದರೆ ಬಡವರ ಹಳಿ ಸಿದ್ಧ. ಅಂಚು ಕೊಯ್ತವನ್ನು ತೋರಿಸುವ ತತ್ತ್ವ ಇಲ್ಲೂ ಅದೇ. ಆಳದಲ್ಲಿ 6 ಮಿ.ಮೀ. ಕಳೆಯುತ್ತದೆ, ಮಳೆಗಾಲದಲ್ಲಿ ಪಟ್ಟಿ ಸೊಟ್ಟಗಾಗುತ್ತದೆ, ಗರಗಸ ಪಟ್ಟಿಯಿಂದ ದೂರ ಸರಿಯದಂತೆ ಕೈಯೇ ಕಾಯಬೇಕು. ವರ್ಷಕ್ಕೆ ಎರಡು ಕಪಾಟು ಮಾಡುವವರಿಗೆ ಇಷ್ಟು ಧಾರಾಳ. ಕುರ್ಚಿ, ಕಿಟಕಿ ಚೌಕಟ್ಟು ಮಾಡುವವರಿಗಂತೂ ಯಾವ ಹಳಿಯೂ ಬೇಡ. ಎರಡು ಅಂಗುಲದ ರೀಪಿನ ಮೇಲೆ ಹಳಿ ಕೂರುವುದೇ ಇಲ್ಲ; ಅಲ್ಲಿ ಟೇಬಲ್ ಸಾ ದೊರೆ.

ಈಗ ಆ ಇಣುಕಿದ ಬೆಳಕಿಗೆ ಬರೋಣ. ಹಳಿ ನೇರವನ್ನು ಕೊಡುತ್ತದೆ. ಮೂಲೆಯನ್ನು ಕೊಡುವುದಿಲ್ಲ, ಸಮಾಂತರವನ್ನೂ ಕೊಡುವುದಿಲ್ಲ. ಅವೆರಡೂ ಟೇಬಲ್ ಸಾದಲ್ಲಿ ಯಂತ್ರದಲ್ಲೇ ಇರುತ್ತವೆ, ಇಲ್ಲಿ ಹಳಿ ಇಡುವ ಕೈಯಲ್ಲಿವೆ. ಒಂದು ಡಿಗ್ರಿ ತಪ್ಪಿಟ್ಟರೆ 600 ಮಿ.ಮೀ. ಅಗಲದ ಹಲಗೆಯ ಆಚೆ ತುದಿಯಲ್ಲಿ 10 ಮಿ.ಮೀ. ತಪ್ಪುತ್ತದೆ, ಅದೂ ಅಚ್ಚುಕಟ್ಟಾದ, ಚಕ್ಕೆಯೇಳದ ಅಂಚಿನೊಂದಿಗೆ. ನಾನು ಮೋಸಹೋದದ್ದು ಆ ಅಚ್ಚುಕಟ್ಟಿಗೇ. ಅಂಚು ಚೆಂದವಿದ್ದದ್ದರಿಂದ ಮೂಲೆಯೂ ಸರಿಯಿರುತ್ತದೆಂದು ನಂಬಿದೆ. ಆಚಾರ್ರ ಕ್ರಮ ಈಗ ನನ್ನದೂ ಹೌದು: ಕಾರ್ಖಾನೆಯ ಅಂಚನ್ನು ನಂಬದೆ ಮೊದಲು ಉದ್ದನೆಯ ಒಂದು ಬದಿ ಕೊಯ್ದುಕೊಳ್ಳುವುದು, ಅದರಿಂದ ಮೂಲೆ ಎತ್ತುವುದು, ಕೊನೆಗೆ ಎರಡೂ ಕರ್ಣ ಅಳೆಯುವುದು. ಎರಡೂ ಒಂದೇ ಅಳತೆ ಬಂದರೆ ಮಾತ್ರ ಮುಂದಿನ ಕೊಯ್ತ.

ಕೊಳ್ಳುವವರಿಗೆ ನನ್ನ ಶಿಫಾರಸು ಹೀಗಿದೆ. ಮನೆಮನೆಗೆ ಹೋಗಿ ಉದ್ದ ಶೀಟು ಕೊಯ್ಯುವವರಿಗೆ ಮಫೆಲ್-ಬಾಷ್ ಹಳಿ. ಮುಂದೆ ಗರಗಸ ಬದಲಿಸುವ, ಬೇರೆ ಕಂಪನಿಯ ಬಿಡಿ ಸಾಮಾನು ಸೇರಿಸುವ ಆಸೆಯಿದ್ದವರಿಗೆ ಫೆಸ್ಟೂಲ್ ಮಾದರಿ, ಅದರಲ್ಲೂ ಕೈಗೆಟಕುವ ಮಕಿಟಾ. ಇಕ್ಕಟ್ಟಿನ ಜಾಗದಲ್ಲಿ ಒಂದೇ ಗರಗಸಕ್ಕೆ ಅಂಟಿಕೊಳ್ಳುವವರಿಗೆ ಡಿವಾಲ್ಟ್. ಹಣ ಸಾಲದಿದ್ದರೆ ಗರಗಸದಲ್ಲಿ ಉಳಿಸಿ, ಹಳಿಯಲ್ಲಿ ಉಳಿಸಬೇಡಿ.

ಕಳೆದ ತಿಂಗಳು ಆಚಾರ್ರು ಮತ್ತೆ ಬಂದಿದ್ದರು. ಯಾವುದೋ ಮನೆಯ ಅಡುಗೆಕಟ್ಟೆಯ ಕೆಲಸ ಹಿಡಿದಿದ್ದರಂತೆ. "ಎರಡು ದಿವಸಕ್ಕೆ ಕೊಡ್ತೀರಾ?" ಎಂದರು. ನಾನು ಗರಗಸದ ಪೆಟ್ಟಿಗೆ ಎತ್ತಿ ಮುಂದಿಟ್ಟೆ. "ಅದು ನಿಮ್ಮ ಹತ್ರಾನೇ ಇರ್ಲಿ" ಎಂದು ನಕ್ಕು, ಗೋಡೆಗೆ ಒರಗಿಸಿದ್ದ ಹಳಿಯನ್ನು ಮಾತ್ರ ಹೆಗಲಿಗೇರಿಸಿಕೊಂಡರು. ಮೈಕಾ ಗೀರಿ ಮುರಿಯಲು ಅವರಿಗೆ ನೇರವಾದ ಒಂದು ಅಂಚು ಬೇಕಿತ್ತು. ಮೂಲೆಮಟ್ಟ ಅವರ ಚೀಲದಲ್ಲೇ ಇತ್ತು.