ಮತಯಂತ್ರದ ವಿವಾದ: ಸಂದೇಹವೂ ಪ್ರಮಾಣವೂ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳು ಇಂದು ಮೂರು ಬೇರೆಬೇರೆ ಲೋಕಸಭಾ ಕ್ಷೇತ್ರಗಳಿಗೆ ಸೇರಿವೆಯಾದರೂ, ಚುನಾವಣೆಯ ಫಲಿತಾಂಶ ಹೊರಬಿದ್ದ ಮರುದಿನ ಮೂರೆಡೆಯಲ್ಲಿಯೂ ಕೇಳಿಬರುವ ಮಾತು ಒಂದೇ. ಸೋತ ಪಕ್ಷದವರು ಮತಯಂತ್ರವನ್ನು ಶಂಕಿಸುತ್ತಾರೆ. ಗೆದ್ದ ಪಕ್ಷದವರು ಆ ಶಂಕೆಯನ್ನು ಪರಿಹಾಸ್ಯ ಮಾಡುತ್ತಾರೆ. ಮತಯಂತ್ರಗಳನ್ನು ತಯಾರಿಸುವ ಎರಡು ಸರ್ಕಾರಿ ಉದ್ಯಮಗಳಲ್ಲಿ ಒಂದಾದ ಭಾರತ್ ಎಲೆಕ್ಟ್ರಾನಿಕ್ಸ್ ಈ ನಗರದಲ್ಲಿಯೇ 1954ರಲ್ಲಿ ಹುಟ್ಟಿದುದಾದ್ದರಿಂದ ಈ ವಿವಾದ ನಮಗೆ ದೂರದ್ದಲ್ಲ. ಯಂತ್ರವಿಜ್ಞಾನವು ಚರಿತ್ರಕಾರನ ಕ್ಷೇತ್ರವಲ್ಲ, ನಿಜ. ಆದರೆ ಹೇಳಿಕೆಯನ್ನು ಒರೆಗೆ ಹಚ್ಚುವುದು ಅವನ ನಿತ್ಯದ ಕೆಲಸ. ಆ ದೃಷ್ಟಿಯಿಂದಲೇ ಇಲ್ಲಿನ ವಿಮರ್ಶೆ.

ಈ ಚರ್ಚೆಯಲ್ಲಿ ಮೂರು ವಾಕ್ಯಗಳು ಒಂದರೊಡನೊಂದು ಬೆರೆತುಹೋಗಿವೆ: ಯಂತ್ರವನ್ನು ಕೆಡಿಸಬಹುದು ಎಂಬುದೊಂದು, ಕೆಡಿಸಿದರು ಎಂಬುದೊಂದು, ಎಂದಿಗೂ ಕೆಡಿಸಲಾಗದು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಆಧಾರವುಂಟು. 2010ರಲ್ಲಿ ಹರಿಪ್ರಸಾದ್, ಹಾಲ್ಡರ್ಮನ್, ಗೊಂಗ್ರೈಪ್ ಮೊದಲಾದವರು ಒಂದು ಯಂತ್ರವನ್ನು ಕೈಗೆ ತಂದುಕೊಂಡು, ಅಂಕಿಗಳನ್ನು ತೋರಿಸುವ ಭಾಗವನ್ನು ಬದಲಿಸಿ, ಮೊಬೈಲ್ ಫೋನಿನ ಸಂಕೇತದಿಂದ ಫಲಿತಾಂಶವನ್ನು ತಿರುಚಿ ತೋರಿಸಿದರು. ಮೊಹರು, ಕಾವಲುಗಳಿರುವಾಗ ಅಂತಹ ಅವಕಾಶವೇ ದೊರೆಯದೆಂಬುದು ಚುನಾವಣಾ ಆಯೋಗದ ಸಮಾಧಾನ. ಏನೇ ಇರಲಿ, ಆ ಪ್ರಯೋಗವು ಸಾಧ್ಯತೆಯನ್ನು ತೋರಿತೇ ಹೊರತು ಯಾವ ಚುನಾವಣೆಯಲ್ಲಿಯೂ ಹಾಗೆ ನಡೆಯಿತೆಂದು ಸಿದ್ಧಪಡಿಸಲಿಲ್ಲ.

2019ರ ಜನವರಿಯಲ್ಲಿ ಲಂಡನ್ನಿನ ಪತ್ರಿಕಾಗೋಷ್ಠಿಯೊಂದರಲ್ಲಿ, 2014ರ ಚುನಾವಣೆಯೇ ಕಪಟದಿಂದ ಕೂಡಿದ್ದಿತೆಂದು ಒಬ್ಬರು ಘೋಷಿಸಿದರು. ಪ್ರಮಾಣವನ್ನೇನೂ ಮುಂದಿಡಲಿಲ್ಲ, ಆದರೂ ಆ ಮಾತು ಪ್ರಚಾರ ಪಡೆಯಿತು. ಇದು ನಮ್ಮ ದೇಶಕ್ಕೆ ಮಾತ್ರ ಸೀಮಿತವಾದ ದೌರ್ಬಲ್ಯವಲ್ಲ. ಸೂಪರ್‌ಮೈಕ್ರೋ ಎಂಬ ಸಂಸ್ಥೆಯ ಕಂಪ್ಯೂಟರ್ ಫಲಕಗಳಲ್ಲಿ ಚೀನದವರು ಗೂಢಚಿಪ್‌ಗಳನ್ನು ಹುದುಗಿಸಿದ್ದಾರೆಂದು 2018ರ ಅಕ್ಟೋಬರಿನಲ್ಲಿ ಬ್ಲೂಮ್‌ಬರ್ಗ್ ಪತ್ರಿಕೆ ಬರೆಯಲು, ಆ ಸಂಸ್ಥೆಯ ಷೇರಿನ ಬೆಲೆ ಒಂದೇ ದಿನದಲ್ಲಿ ಶೇಕಡ 40ರಷ್ಟು ಕುಸಿಯಿತು. ಆಪಲ್, ಅಮೆಜಾನ್ ಸಂಸ್ಥೆಗಳು ವರದಿಯನ್ನು ಅಲ್ಲಗಳೆದುವು. ಅಂತಹ ಒಂದು ಚಿಪ್ಪನ್ನೂ ಯಾರೂ ಬಹಿರಂಗವಾಗಿ ತೋರಿಸಿಲ್ಲ. ಪ್ರಮಾಣ ಬರುವ ಮುನ್ನವೇ ಪರಿಣಾಮ ಬಂದಿತ್ತು.

ನಮ್ಮ ರಾಜ್ಯದ ನಿದರ್ಶನ ಇನ್ನೂ ಸ್ಪಷ್ಟವಾದುದು. 2023ರ ಮೇ 10ರಂದು ವಿಧಾನಸಭೆಗೆ ಮತದಾನ. ಅದಕ್ಕೆ ಎರಡು ದಿನ ಮೊದಲು, ಇಲ್ಲಿಗೆ ಬಂದಿರುವ ಯಂತ್ರಗಳು ಹಿಂದೆ ದಕ್ಷಿಣ ಆಫ್ರಿಕದಲ್ಲಿ ಬಳಕೆಯಾದವೆಂಬ ಸುದ್ದಿಯ ಬಗೆಗೆ ಕಾಂಗ್ರೆಸ್ ಪಕ್ಷವು ಆಯೋಗಕ್ಕೆ ಪತ್ರ ಬರೆಯಿತು. ಆ ದೇಶದಲ್ಲಿ ಮತಯಂತ್ರದ ಬಳಕೆಯೇ ಇಲ್ಲ. ಕರ್ನಾಟಕಕ್ಕೆ ತಂದುವು ಹೈದರಾಬಾದಿನಲ್ಲಿ ತಯಾರಾದ ಹೊಸ ಯಂತ್ರಗಳು ಎಂದು ಆಯೋಗ ಉತ್ತರಿಸಿತು. ಮೇ 13ರಂದು ಅದೇ ಪಕ್ಷ 135 ಸ್ಥಾನಗಳನ್ನು ಗೆದ್ದಿತು. ಇದು ಒಂದೇ ಪಕ್ಷದ ದೋಷವೆಂದು ವಾಚಕರು ಭಾವಿಸಬಾರದು. 2009ರ ಸೋಲಿನ ತರುವಾಯ ಇದೇ ಶಂಕೆಯನ್ನು ಎತ್ತಿದವರು ಭಾರತೀಯ ಜನತಾ ಪಕ್ಷದ ಧುರೀಣರು.

ಹಾಗಾದರೆ ಶಂಕೆಯೇ ತಪ್ಪೆ? ಖಂಡಿತವಾಗಿಯೂ ಅಲ್ಲ. ಶಂಕಿಸುವ ಕ್ರಮವೊಂದುಂಟು, ಅದಕ್ಕೆ ಬೆಂಗಳೂರೇ ಮೇಲ್ಪಂಕ್ತಿ ಹಾಕಿದೆ. 1999ರಲ್ಲಿ ಬೆಂಗಳೂರು ಉತ್ತರ ಕ್ಷೇತ್ರದಲ್ಲಿ ಸಿ. ಕೆ. ಜಾಫರ್ ಷರೀಫರ ಎದುರು ಸೋತ ಮೈಕೇಲ್ ಫರ್ನಾಂಡಿಸರು ಯಂತ್ರದ ಮೇಲಣ ತಮ್ಮ ಆಕ್ಷೇಪವನ್ನು ಉಚ್ಚ ನ್ಯಾಯಾಲಯದ ಮುಂದಿಟ್ಟರು. ತಜ್ಞರ ಸಾಕ್ಷ್ಯವನ್ನು ಪರಿಶೀಲಿಸಿದ ನ್ಯಾಯಾಲಯವು 2004ರ ಫೆಬ್ರವರಿ 5ರಂದು ಯಂತ್ರದ ಪರವಾಗಿ ತೀರ್ಪಿತ್ತು, ಅದನ್ನು ರಾಷ್ಟ್ರದ ಹೆಮ್ಮೆಯೆಂದೂ ಬಣ್ಣಿಸಿತು. ಆ ಪ್ರಶಂಸೆಯ ಮಾತಿಗಿಂತ, ಆರೋಪವು ಪ್ರಮಾಣದ ಕಟಕಟೆಯನ್ನು ಹತ್ತಿತೆಂಬುದೇ ನಮಗೆ ಮುಖ್ಯ.

ಇನ್ನು ಮೂರನೆಯ ವಾಕ್ಯ. ಎಂದಿಗೂ ಕೆಡಿಸಲಾಗದು ಎಂಬ ಅಧಿಕಾರವಾಣಿಯೂ ಪ್ರಮಾಣವಿಲ್ಲದ ಹೇಳಿಕೆಯೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಸರ್ಕಾರಕ್ಕೂ ಅನ್ವಯಿಸತಕ್ಕದ್ದು. ಮತದಾರನ ಕಣ್ಣಿಗೆ ಕಾಣುವ ಕಾಗದದ ಚೀಟಿ ಅವಶ್ಯಕವೆಂದು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಹೇಳಿದುದರ ಮರ್ಮ ಇದೇ. 2024ರ ಏಪ್ರಿಲ್ 26ರಂದು ಅದೇ ನ್ಯಾಯಾಲಯ ಮತಪತ್ರಕ್ಕೆ ಮರಳಲು ನಿರಾಕರಿಸಿತಾದರೂ, ಎರಡನೆಯ ಮತ್ತು ಮೂರನೆಯ ಸ್ಥಾನ ಪಡೆದ ಅಭ್ಯರ್ಥಿಗಳು ಕೋರಿದರೆ ಶೇಕಡ 5ರಷ್ಟು ಯಂತ್ರಗಳನ್ನು ಪರಿಶೀಲಿಸಲು ದಾರಿ ತೆರೆಯಿತು.

2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟವು ಸ್ಥಳೀಯ ಸಂಸ್ಥೆಗಳ ಚುನಾವಣೆಗಳಿಗೆ ಮತಪತ್ರವನ್ನು ಶಿಫಾರಸು ಮಾಡಿತು. ಜನರ ವಿಶ್ವಾಸ ಕುಂದಿದೆಯೆಂಬುದು ಅದು ಕೊಟ್ಟ ಕಾರಣ. ವಿಶ್ವಾಸ ಕುಂದಿತೆನ್ನುವುದು ಬೇರೆ, ಯಂತ್ರ ಕೆಟ್ಟಿತೆಂದು ಸಿದ್ಧಪಡಿಸುವುದು ಬೇರೆ. ಪರೀಕ್ಷಿಸದೆ ಹಬ್ಬಿದ ಶಂಕೆಯ ಬಲದಿಂದ ಯಂತ್ರವನ್ನು ಬಿಟ್ಟರೆ, ಅದೇ ಶಂಕೆ ನಾಳೆ ಮತಪತ್ರದ ಪೆಟ್ಟಿಗೆಯನ್ನೂ ಹಿಂಬಾಲಿಸದಿರದು. ಮತ ಹಾಕುವ ಸಾಧನ ಯಾವುದಾದರೂ ಆಗಲಿ, ಆರೋಪಿಸುವವರೂ ಅಲ್ಲಗಳೆಯುವವರೂ ಸಮಾನವಾಗಿ ಪ್ರಮಾಣಕ್ಕೆ ಬದ್ಧರಾಗುವವರೆಗೆ ಸೋತವನು ಸೋಲನ್ನು ಒಪ್ಪುವ ಸಂಪ್ರದಾಯ ಉಳಿಯಲಾರದು. ಆ ಸಂಪ್ರದಾಯ ಅಳಿದರೆ ಚುನಾವಣೆ ನಡೆದೂ ನಡೆಯದಂತೆಯೇ ಸರಿ.