ಉದ್ಧಾರವೂ ಸಾಕ್ಷ್ಯವೂ: ‘ದಿ ಕ್ವೀನ್ಸ್ ಡಾಟರ್ಸ್ ಇನ್ ಇಂಡಿಯಾ’ ಗ್ರಂಥದ ವಿಮರ್ಶೆ

ಮಿಷನರಿಗಳ ಬರಹಗಳನ್ನು ಇತಿಹಾಸದ ಆಕರಗಳಾಗಿ ಬಳಸುವಲ್ಲಿ ನಮ್ಮ ವಿದ್ಯಾರ್ಥಿಗಳು ಎರಡು ಅತಿಗಳಿಗೆ ಒಳಗಾಗುವುದುಂಟು. ಕೆಲವರು ಅವುಗಳನ್ನು ಮತಪ್ರಚಾರವೆಂದು ಬದಿಗೊತ್ತುತ್ತಾರೆ. ಮತ್ತೆ ಕೆಲವರು ಅವು ಹೇಳಿದುದನ್ನೆಲ್ಲ ಯಥಾವತ್ತಾಗಿ ಅಂಗೀಕರಿಸುತ್ತಾರೆ. ಅಮೆರಿಕದ ಎಲಿಜಬೆತ್ ಆಂಡ್ರ್ಯೂ ಮತ್ತು ಕ್ಯಾಥರೀನ್ ಬುಷ್ನೆಲ್ ಎಂಬ ಇಬ್ಬರು ಮಹಿಳೆಯರು ಬರೆದು 1898ರಲ್ಲಿ ಪ್ರಕಟಿಸಿದ ಈ ಗ್ರಂಥವು ಎರಡು ಮಾರ್ಗಗಳೂ ಸಲ್ಲವೆಂಬುದಕ್ಕೆ ತಕ್ಕ ನಿದರ್ಶನವಾಗಿದೆ.

ಗ್ರಂಥದ ಹಿನ್ನೆಲೆಯನ್ನು ಮೊದಲು ಗಮನಿಸಬೇಕು. ಬ್ರಿಟಿಷ್ ಸೈನಿಕರನ್ನು ಗುಹ್ಯರೋಗಗಳಿಂದ ಕಾಪಾಡುವ ಉದ್ದೇಶದಿಂದ 1864ರ ಕಂಟೋನ್ಮೆಂಟ್ ಕಾಯಿದೆಯೂ 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಯೂ ಜಾರಿಗೆ ಬಂದುವು. ವೇಶ್ಯೆಯರ ಹೆಸರುಗಳನ್ನು ದಾಖಲಿಸಿ, ಅವರನ್ನು ಬಲವಂತದ ದೇಹಪರೀಕ್ಷೆಗೆ ಗುರಿಪಡಿಸಿ, ರೋಗ ಕಂಡವರನ್ನು ಲಾಕ್ ಆಸ್ಪತ್ರೆಗಳಲ್ಲಿ ಇರಿಸುವುದು ಈ ವ್ಯವಸ್ಥೆಯ ಕ್ರಮ. ದಂಡಿನಲ್ಲಿ ಸಾಕಷ್ಟು ಸಂಖ್ಯೆಯ, ಆಕರ್ಷಕರಾದ ಸ್ತ್ರೀಯರಿರಬೇಕೆಂದು 1886ರ ಸೈನ್ಯದ ಸುತ್ತೋಲೆಯೊಂದು ವಿಧಿಸಿತ್ತು. 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನ ಕಾಮನ್ಸ್ ಸಭೆಯು ಈ ಪದ್ಧತಿಯನ್ನು ಖಂಡಿಸಿ ನಿರ್ಣಯ ಮಾಡಿತು. ಆ ನಿರ್ಣಯ ಪಾಲನೆಯಾಗುತ್ತಿದೆಯೇ ಎಂದು ಪರಿಶೀಲಿಸಲು ಜೋಸೆಫೀನ್ ಬಟ್ಲರರ ಕೋರಿಕೆಯಂತೆ ಈ ಮಹಿಳೆಯರು 1891-92ರಲ್ಲಿ ಉತ್ತರ ಭಾರತದ ಹತ್ತು ದಂಡುಗಳನ್ನು ಸಂದರ್ಶಿಸಿದರು. ಬುಷ್ನೆಲ್ ಚೀನದಲ್ಲಿ ಮಿಷನ್ ವೈದ್ಯೆಯಾಗಿದ್ದವರು.

ಗ್ರಂಥದ ಮಹತ್ತ್ವವಿರುವುದು ಲೇಖಕಿಯರು ಅನುಸರಿಸಿದ ವಿಧಾನದಲ್ಲಿ. ಅವರು ಧರ್ಮಬೋಧೆಯನ್ನು ಕೈಬಿಟ್ಟವರಲ್ಲ. ಆದರೆ ‘ಚಕ್ಲಾ’ಗಳೆಂಬ ವೇಶ್ಯಾಗೃಹಗಳನ್ನು ಹೊಕ್ಕು, ಅಲ್ಲಿಯ ಸ್ತ್ರೀಯರನ್ನು ಪತಿತೆಯರೆಂದಷ್ಟೇ ಕಾಣದೆ, ಸರ್ಕಾರದ ನಡತೆಗೆ ಸಾಕ್ಷಿಗಳೆಂದು ಭಾವಿಸಿ ಪ್ರಶ್ನಿಸಿದರು. ಪರೀಕ್ಷೆಯ ಅವಮಾನ, ಅವರ ಮೇಲ್ವಿಚಾರಣೆಗೆ ನೇಮಕವಾದ ‘ಮಹಲ್ದಾರ್ನಿ’ಯ ಅಧಿಕಾರ, ಆಸ್ಪತ್ರೆಯ ನಿರ್ಬಂಧ, ಇವೆಲ್ಲ ಹೀಗೆ ಬೆಳಕಿಗೆ ಬಂದುವು. 1893ರ ವಿಚಾರಣಾ ಸಮಿತಿಯ ಮುಂದೆ ಲೇಖಕಿಯರು ಸಾಕ್ಷ್ಯ ನುಡಿದರು. ಆರೋಪಗಳನ್ನು ಮೊದಲು ಅಲ್ಲಗಳೆದಿದ್ದ ಸೇನಾಧಿಪತಿ ಲಾರ್ಡ್ ರಾಬರ್ಟ್ಸ್ ಕೊನೆಗೆ ಅವರ ಕ್ಷಮೆ ಕೇಳಬೇಕಾಯಿತು. ಪ್ರಾರ್ಥನೆಯಿಂದಷ್ಟೇ ಸಾಧ್ಯವಾಗದ ಕಾರ್ಯವನ್ನು ಶ್ರಮದಿಂದ ಸಂಗ್ರಹಿಸಿದ ಸಾಕ್ಷ್ಯ ಮಾಡಿತೆಂಬುದು ನಿರ್ವಿವಾದ.

ಆದರೂ ಈ ಸಾಕ್ಷ್ಯಕ್ಕೆ ಮಿತಿಗಳುಂಟು. ಆ ಸ್ತ್ರೀಯರ ಮಾತು ದುಭಾಷಿಗಳ ಮೂಲಕ ಹಾದು, ಭಕ್ತಿಭಾವದ ಇಂಗ್ಲಿಷಿನಲ್ಲಿ ನಮಗೆ ತಲಪುತ್ತದೆ. ಎಲ್ಲಿ ಅವರ ನುಡಿ ಮುಗಿದು ಲೇಖಕಿಯರ ನುಡಿ ಮೊದಲಾಗುವುದೆಂದು ಹೇಳುವುದು ಕಷ್ಟ. ಎರಡನೆಯದಾಗಿ, ಇಲ್ಲಿನ ಆಕ್ಷೇಪಣೆ ನಿಯಮದ ಮೇಲೆಯೇ ಹೊರತು ಸಾಮ್ರಾಜ್ಯದ ಮೇಲಲ್ಲ; ನ್ಯಾಯಕ್ಕಾಗಿ ಮೊರೆಹೋಗುವುದೂ ಕ್ರೈಸ್ತ ಇಂಗ್ಲೆಂಡಿನ ಅಂತಃಸಾಕ್ಷಿಗೇ. ಇಂಥ ಚಳವಳಿಗಳಲ್ಲಿ ಭಾರತೀಯ ಸ್ತ್ರೀಯನ್ನು ಅಸಹಾಯಕಳೆಂದು ಚಿತ್ರಿಸಿ, ಬ್ರಿಟಿಷ್ ಸ್ತ್ರೀಯರು ತಮ್ಮ ರಾಜಕೀಯ ಸ್ಥಾನವನ್ನು ಸಮರ್ಥಿಸಿಕೊಂಡರೆಂದು ಆಂಟೊನೆಟ್ ಬರ್ಟನ್ 1994ರಲ್ಲಿ ಮಾಡಿದ ಟೀಕೆ ಇಲ್ಲಿ ಸ್ಮರಣೀಯ. ಮೂರನೆಯದಾಗಿ, ಕಾನೂನನ್ನು ಪರಿಶೀಲಿಸಿದಷ್ಟು ಸೂಕ್ಷ್ಮವಾಗಿ ಜೀವನೋಪಾಯದ ಪ್ರಶ್ನೆಯನ್ನು ಗ್ರಂಥ ಪರಿಶೀಲಿಸುವುದಿಲ್ಲ. ಚಕ್ಲಾವನ್ನು ತೊರೆದವಳು ಯಾರ ಮನೆಗೆ ಹೋಗಬೇಕು, ಯಾವ ಕಸುಬಿನಿಂದ ಬದುಕಬೇಕು ಎಂಬುದಕ್ಕೆ ಕರುಣೆಯೊಂದೇ ಉತ್ತರವಾಗಲಾರದು.

ಮಿಷನ್ ವಲಯದವರೆಲ್ಲ ಒಂದೇ ಮನಸ್ಸಿನವರಾಗಿದ್ದರೆಂದೂ ಭಾವಿಸಲಾಗದು. ಕ್ರೈಸ್ತ ಪಾನನಿರೋಧ ಚಳವಳಿಯ ಮುಖಂಡೆ ಲೇಡಿ ಹೆನ್ರಿ ಸಾಮರ್‌ಸೆಟ್ 1897ರಲ್ಲಿ ನಿಯಂತ್ರಣ ಪದ್ಧತಿಯನ್ನು ಸಮರ್ಥಿಸಿ, 1898ರಲ್ಲಿ ಆ ಸಮರ್ಥನೆಯನ್ನು ಹಿಂತೆಗೆದುಕೊಂಡರು. ಗ್ರಂಥದ ಆವೇಶಕ್ಕೆ ಈ ವಿವಾದವೂ ಕಾರಣವಾಗಿರಬಹುದು.

ಆದಕಾರಣ ಈ ಗ್ರಂಥವನ್ನು ಓದುವ ವಿದ್ಯಾರ್ಥಿಯು ಉದ್ಧಾರದ ಕಥೆಯನ್ನೂ ಆಡಳಿತದ ಸಾಕ್ಷ್ಯವನ್ನೂ ಪ್ರತ್ಯೇಕವಾಗಿ ತೂಗಬೇಕು. ಮೊದಲನೆಯದರಲ್ಲಿ ನಾವು ಲೇಖಕಿಯರ ಶ್ರದ್ಧೆಯನ್ನು ಹೆಚ್ಚಾಗಿ ಕಾಣುತ್ತೇವೆ. ಎರಡನೆಯದರಲ್ಲಿ, ಸರ್ಕಾರಿ ಕಡತಗಳು ಎಣಿಕೆಗೆ ಮಾತ್ರ ತೆಗೆದುಕೊಂಡಿದ್ದ ಸ್ತ್ರೀಯರ ದೂರು, ಮಸುಕಾಗಿಯಾದರೂ, ನಮಗೆ ಕೇಳಿಸುತ್ತದೆ. ಆ ದೂರಿಗಾಗಿ ಈ ಗ್ರಂಥವು ಇಂದಿಗೂ ಅಧ್ಯಯನಯೋಗ್ಯ.